ಏಳು ಕಿವಿಗಳ ಪುಸ್ತಕ

ಹಾರಾಟ ಪರವಾನಗಿ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ಒಂದು ವರ್ಷದಲ್ಲಿ ನಮ್ಮ ಪ್ಯಾರಾಗ್ಲೈಡರಿನ ರೆಕ್ಕೆಯಡಿ ಹಾರಿದ ಯಾವ ಪ್ರಯಾಣಿಕರ ಕಿವಿಗೂ ಪೆಟ್ಟಾಗಿಲ್ಲ. ಎಡಗಿವಿಗೂ ಇಲ್ಲ, ಬಲಗಿವಿಗೂ ಇಲ್ಲ. ಆಗಸ್ಟ್ ಇಪ್ಪತ್ತೊಂದರಂದು ತಾವು ಕಳಿಸಿದ ನೋಟಿಸಿನ ಮೂರನೇ ಅಂಶದಲ್ಲಿ 'ಸದರಿ ಸಂಸ್ಥೆಯ ಹಾರಾಟಗಳಲ್ಲಿ ಏಳು ಮಂದಿ ಪ್ರಯಾಣಿಕರು ಕಿವಿಯ ಗಾಯಕ್ಕೆ ಒಳಗಾಗಿರುವುದು ಅವರದೇ ದಾಖಲೆಯಿಂದ ಕಂಡುಬಂದಿದೆ' ಎಂದಿದೆ. ಅದರ ಬಲದ ಮೇಲೆ ನಮ್ಮ ಪರವಾನಗಿಯನ್ನು ಅಮಾನತಿನಲ್ಲಿಟ್ಟಿದ್ದೀರಿ. ಸೆಪ್ಟೆಂಬರ್ ಹದಿನಾರಕ್ಕೆ ಮಳೆಗಾಲದ ನಿಷೇಧ ಮುಗಿಯುತ್ತದೆ. ಖರೋಟಿ ಧಾರ್ ಬೆಟ್ಟಸಾಲಿನ ನೆತ್ತಿಯಿಂದ ಉಳಿದ ಮೂವತ್ತೊಂದು ಸಂಸ್ಥೆಗಳ ರೆಕ್ಕೆಗಳು ಮತ್ತೆ ಏಳುತ್ತವೆ. ನಮ್ಮದು ಮಾತ್ರ ಚೀಲದೊಳಗೆ ಮುದುಡಿ ಜೀಪಿನ ಹಿಂದೆ ಬಿದ್ದಿರಬೇಕು, ಯಾರದ್ದೂ ಅಲ್ಲದ ಏಳು ಕಿವಿಗಳ ಸಲುವಾಗಿ.

ಇದನ್ನು ಪತ್ರಿಕೆಗೆ ಕೊಡುತ್ತಿರುವುದಕ್ಕೆ ಕಾರಣವಿದೆ. ಈ ಮೊದಲು ಬರೆದ ಎರಡು ಪತ್ರಗಳಿಗೆ ತಮ್ಮ ಕಚೇರಿ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತಿ ಕೊಟ್ಟಿತು. 'ಓದಲಾಗಿದೆ' ಎಂಬ ಮೊಹರು ಇದೆಯೇ ಎಂದು ಕೇಳಿದೆ. ಇಲ್ಲವಂತೆ.

ನಮ್ಮದು ದೊಡ್ಡ ಸಂಸ್ಥೆಯಲ್ಲ. ಹೋದ ವರ್ಷ ನನ್ನ ಅಪ್ಪ, ಬಾಪು, ತನ್ನ ಕುರಿ ಮೇಕೆಗಳ ಹಿಂಡನ್ನು ಪೂರ್ತಿ ಮಾರಿ, ಇಬ್ಬರನ್ನು ಹೊರುವ ಒಂದು ಪ್ಯಾರಾಗ್ಲೈಡರನ್ನೂ ಹಳೆಯ ಜೀಪನ್ನೂ ಕೊಂಡ. ಪ್ಯಾರಾಗ್ಲೈಡರಿಗೆ ನಮ್ಮಲ್ಲಿ ರೆಕ್ಕೆ ಎಂದಷ್ಟೇ ಹೇಳುತ್ತೇವೆ. ನನ್ನ ಅಣ್ಣ ವಿಪನ್ ಹಾರಿಸುತ್ತಾನೆ. ಪ್ರಯಾಣಿಕರು ಮುಂದೆ, ಅವನು ಹಿಂದೆ. ಬಾಪು ಜೀಪು ಓಡಿಸುತ್ತಾನೆ, ಗಾಳಿ ನೋಡುತ್ತಾನೆ. ಅಮ್ಮ ಕೆಳಗೆ ಇಳಿಯುವ ಮೈದಾನದ ಅಂಚಿನಲ್ಲಿ ರಾಜ್ಮಾ, ಅನ್ನ ಬೇಯಿಸುತ್ತಾಳೆ, ಇಳಿದವರ ಮುಖ ನೋಡಿಯೇ ಹಾರಾಟ ಹೇಗಿತ್ತೆಂದು ಹೇಳಿಬಿಡುತ್ತಾಳೆ. ನಾನು ಮೇಲೆ ಹುಲ್ಲಿನ ಇಳಿಜಾರಿನಲ್ಲಿ ರೆಕ್ಕೆ ಬಿಡಿಸಿ, ಪ್ರಯಾಣಿಕರಿಗೆ ಆಸನದ ಪಟ್ಟಿ ಕಟ್ಟಿ, ಓಡಿಸಿ ಕಳಿಸುವವಳು. ಜೊತೆಗೆ, ತಮ್ಮ ನಿಯಮದಂತೆ ಪ್ರತಿ ಸಂಸ್ಥೆಯೂ ಇಡಲೇಬೇಕಾದ ಘಟನೆಗಳ ಪುಸ್ತಕವನ್ನು ಬರೆಯುವವಳು. ಎಡವಟ್ಟು, ಅವಘಡ, ಕೂದಲೆಳೆಯಲ್ಲಿ ತಪ್ಪಿದ ಅನಾಹುತ ಎಲ್ಲವನ್ನೂ ಅದರಲ್ಲಿ ಬರೆಯಬೇಕೆಂದು ನಿಯಮ ಹೇಳುತ್ತದೆ. ವರ್ಷಕ್ಕೊಮ್ಮೆ ಪುಸ್ತಕ ತಮ್ಮ ಕಚೇರಿಗೆ ತಪಾಸಣೆಗೆ ಹೋಗಿ ಹಿಂತಿರುಗುತ್ತದೆ. ನಾನು ಆ ನಿಯಮವನ್ನು ನಂಬಿದೆ. ನಮ್ಮ ಈ ಪಾಡಿಗೆಲ್ಲ ಮೂಲ ಅದೇ.

ಈಗ ಕಿವಿಯ ವಿಷಯ. ನಾವು ಗದ್ದಿಗಳು, ಕುರಿ ಕಾಯುವ ಜನ. ನನ್ನ ದಾದೂ, ಅಂದರೆ ಬಾಪುವಿನ ಅಪ್ಪ ಗುಲಾಬು, ತನ್ನ ಕುರಿಗಳ ಜೊತೆ ಊರಿನ ಎಷ್ಟೋ ಮನೆಗಳ ಕುರಿಗಳನ್ನೂ ಹೊಡೆದುಕೊಂಡು ಬೇಸಿಗೆಯಲ್ಲಿ ಬೆಟ್ಟ ದಾಟಿ ಲಾಹೌಲಿಗೆ ಹೋಗುತ್ತಿದ್ದ. ಚಳಿಗೆ ಮುಂಚೆ ಹಿಂತಿರುಗಿದಾಗ ಅಂಗಳದಲ್ಲಿ ಕೂತು, ತನ್ನ ಉಣ್ಣೆಯ ನಿಲುವಂಗಿ ಚೋಲಾದ ಮಡಿಲಿನಿಂದ ಒಂದು ದಾರ ತೆಗೆಯುತ್ತಿದ್ದ. ಅದರಲ್ಲಿ ಒಣಗಿದ ಕಿವಿಗಳು. ದಾರಿಯಲ್ಲಿ ಸತ್ತ ಪ್ರತಿ ಕುರಿಯ ಒಂದು ಕಿವಿ. ಯಾರ ಕುರಿ ಎಂಬುದು ಕಿವಿಯ ಮೇಲಿನ ಕಚ್ಚಿನಿಂದ ಗೊತ್ತಾಗುತ್ತಿತ್ತು, ಹೇಗೆ ಸತ್ತಿತೆಂಬುದನ್ನು ದಾದೂ ಹೇಳುತ್ತಿದ್ದ. ಇದು ಕರಡಿ. ಇದು ಬಂಡೆಯಿಂದ ಜಾರಿದ್ದು. ಒಂದು ವರ್ಷ ಒಂದು ಕಿವಿಯನ್ನು ಬೆರಳಲ್ಲಿ ಹಿಡಿದು, "ಇದು ನನ್ ನಿದ್ದೆ. ನಾನು ಮಲ್ಕೊಂಡ್ಬಿಟ್ಟೆ, ಇದು ನೀರಿಗೆ ಬಿತ್ತು," ಅಂದನಂತೆ. ಕುರಿಯ ಒಡತಿ ಬೈದಳು, ಆಮೇಲೆ ಅವನಿಗೆ ಮಜ್ಜಿಗೆ ಕೊಟ್ಟಳು, ಮರುವರ್ಷ ಮತ್ತೆ ಅವನ ಜೊತೆಗೇ ಕುರಿ ಕಳಿಸಿದಳು.

ಅದೇ ಕಾಲದಲ್ಲಿ ಇನ್ನೊಬ್ಬ ಕುರಿಗಾಹಿ ಒಂದೂ ಕಿವಿಯಿಲ್ಲದೆ ಬಂದ. ಒಂದೂ ಸತ್ತಿಲ್ಲ, ಆದರೆ ಕೆಲವು ಕುರಿ ಯಾಕೋ ಕಾಣುತ್ತಿಲ್ಲ, ಹಿಂದೆ ಬರುತ್ತಿರಬಹುದು ಎಂದ. ದಾದೂ ಹೇಳಿದ್ದಿಷ್ಟು: "ಕಿವಿ ಇಲ್ದೆ ಬಂದಿದಾನೆ ಅಂದ್ರೆ ಒಂದೋ ಇವ್ನು ಬೆಟ್ಟ ಹತ್ತಿಲ್ಲ, ಇಲ್ಲಾ ಬಾಯಿ ಬಿಡ್ತಿಲ್ಲ." ಮರುವರ್ಷ ಅವನಿಗೆ ಯಾರೂ ಕುರಿ ಕೊಡಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಘಟನೆಗಳ ಪುಸ್ತಕಕ್ಕೆ ಕಿವಿ ಪುಸ್ತಕ ಎಂದೇ ಹೆಸರಾಯಿತು. ದಿನದ ಕೊನೆಯ ಹಾರಾಟ ಇಳಿದ ಮೇಲೆ, ಜೀಪಿನ ಚಾವಿ ಮೊಳೆಗೆ ನೇತುಹಾಕುತ್ತ ಬಾಪು ಕೇಳುತ್ತಾನೆ: "ಇವತ್ತು ಕಿವಿ ಇದ್ಯಾ?" ಇದ್ದರೆ ನಾನು ಹೇಳುತ್ತೇನೆ, ಆಮೇಲೆ ಬರೆಯುತ್ತೇನೆ. ಪುಟದ ತಲೆಯಲ್ಲಿ 'ಮೊದಲನೇ ಕಿವಿ', 'ಎರಡನೇ ಕಿವಿ' ಎಂದು ಹಾಕುವುದು ನನ್ನ ಅಭ್ಯಾಸವಾಯಿತು. ಸರಕಾರಿ ಪುಸ್ತಕದಲ್ಲಿ ಮನೆಯ ಮಾತು ಬರೆದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ತಲೆಬರಹದ ಕೆಳಗೂ ಅಕ್ಷರಗಳಿದ್ದವು, ಮಾನ್ಯರೇ. ಮೊದಲನೇ ಕಿವಿಯ ಕೆಳಗೆ, ಪ್ರಯಾಣಿಕರೊಬ್ಬರ ಶೂ ಆಕಾಶದಿಂದ ಚಹಾ ತೋಟಕ್ಕೆ ಬಿದ್ದು, ಎಲೆ ಕೀಳುತ್ತಿದ್ದ ಹೆಂಗಸೊಬ್ಬಳು ಅದನ್ನು ಹಿಡಿದುಕೊಂಡು ಒಂದು ಮೈಲಿ ನಡೆದು ಬಂದು ನಮ್ಮ ವಂಶವನ್ನೆಲ್ಲ ಬೈದ ಸಂಗತಿ ಇದೆ. ಅದನ್ನು ಓದಿದವರು ಯಾರೂ ಇದು ಕಿವಿಯ ಗಾಯ ಎನ್ನಲಾರರು. ಹೆಚ್ಚೆಂದರೆ ಬೈಗುಳ ಕೇಳಿದ ನಮ್ಮ ಕಿವಿಯ ಗಾಯ ಎನ್ನಬಹುದು.

ನೋಟಿಸಿನ ಮೊದಲ ಅಂಶ ಇನ್ನೂ ಸೊಗಸಾಗಿದೆ. ನಮ್ಮ ಘಟನೆಗಳ ಸಂಖ್ಯೆ 'ಈ ತಾಣದ ಸರಾಸರಿಗಿಂತ ಆತಂಕಕಾರಿಯಾಗಿ ಹೆಚ್ಚು' ಎಂದಿದೆ. ಮೂವತ್ತೊಂದು ಪುಸ್ತಕಗಳಲ್ಲಿ ಸೊನ್ನೆ, ಒಂದರಲ್ಲಿ ಏಳು. ಈ ಮೂವತ್ತೊಂದು ಸೊನ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ತಮ್ಮ ಕಚೇರಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲವೇ? ವರ್ಷಕ್ಕೆ ಸಾವಿರಾರು ಜನ ಬೆಟ್ಟದ ಅಂಚಿನಿಂದ ಓಡಿ ಗಾಳಿಗೆ ಬೀಳುವ ಜಾಗದಲ್ಲಿ ಒಬ್ಬರ ಮೊಣಕೈಯೂ ತರಚಲಿಲ್ಲವೇ?

ನಮ್ಮೂರಿನಲ್ಲಿ ಯಾರೂ ಆಕಾಶದಿಂದ ಬೀಳುವುದಿಲ್ಲ ಎಂಬುದು ನಿಜ. ಎಲ್ಲರೂ ಮೆಟ್ಟಿಲಿನಿಂದ ಬೀಳುತ್ತಾರೆ. ಏಪ್ರಿಲಿನಲ್ಲಿ ಬೇರೆ ಸಂಸ್ಥೆಯ ಹಾರಾಟಗಾರನೊಬ್ಬ ಬೆನ್ನು ಮುರಿದುಕೊಂಡು ಆಸ್ಪತ್ರೆ ಸೇರಿದ. ಅವನ ಹೆಸರು ಬರೆಯುವುದಿಲ್ಲ, ಕೆಲಸ ಹೋದೀತು. ಅಮ್ಮ ತುಪ್ಪದ ಡಬ್ಬಿ ಹಿಡಿದು ನೋಡಲು ಹೋದಳು, ನಾನೂ ಜೊತೆಗಿದ್ದೆ.

"ಏನಾಯ್ತೋ ಮಗಾ?"

"ಮೆಟ್ಲಿಂದ ಬಿದ್ದೆ ಅಂತ ಬರ್ಸಿದಾರೆ, ಚಾಚೀ."

"ನಿಮ್ಮನೇಲಿ ಮೆಟ್ಲು ಎಲ್ಲಿದೆ? ಹೊಸ್ತಿಲೇ ನೆಲಕ್ಕೆ ಹತ್ಕೊಂಡಿದೆ."

"ಅದೇ ಯೋಚ್ನೆ ಮಾಡ್ತಿದೀನಿ. ಮನೆಗೆ ಹೋದ್ಮೇಲೆ ಒಂದು ಕಟ್ಟಿಸ್ಬೇಕು."

ನಕ್ಕ. ನಕ್ಕರೆ ಬೆನ್ನು ನೋಯುತ್ತದೆಂದು ನಿಲ್ಲಿಸಿದ. ಎಲ್ಲಿ ಬಿದ್ದನೆಂದು ಅಮ್ಮನೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಪಕ್ಕದಲ್ಲೇ ಅವನ ಮಾಲೀಕರ ಕಡೆಯವನು ಸೇಬು ಹೆಚ್ಚುತ್ತ ಕೂತಿದ್ದ. ಹನ್ನೆರಡು ದಿನದ ಮೇಲೆ ನನ್ನ ಅಣ್ಣ, ಲುಧಿಯಾನದ ಶಾಲಾ ಶಿಕ್ಷಕರೊಬ್ಬರನ್ನು ಕೂರಿಸಿಕೊಂಡು, ದೇವದಾರು ಮರಗಳ ಎಡಭಾಗದ ದಿಣ್ಣೆಯ ಮೇಲೆ ಹೋದ. ಮಧ್ಯಾಹ್ನದ ನಂತರ ಅಲ್ಲಿ ಗಾಳಿ ದಿಣ್ಣೆಯ ಹಿಂದಿನಿಂದ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ರೆಕ್ಕೆಯ ಒಂದು ಪಕ್ಕ ಕಾಗದದಂತೆ ಮಡಚಿಕೊಂಡಿತು. ನಾನು ಮೇಲಿಂದ ನೋಡುತ್ತಿದ್ದೆ. ಅವರಿಬ್ಬರೂ ಮರಗಳ ಹಿಂದೆ ಮರೆಯಾದರು. ರೇಡಿಯೋದಲ್ಲಿ ಕರೆದೆ, ಉತ್ತರವಿಲ್ಲ. ಬಾಪು ಜೀಪಿನ ಬಾಗಿಲು ಹಿಡಿದು ನಿಂತುಬಿಟ್ಟ, ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲೆ ವಿಪನ್‌ನ ದನಿ ಬಂತು: "ಚಹಾ ತೋಟದಲ್ಲಿದೀವಿ. ಮಾಸ್ತರ ಕಾಲು ಉಳುಕಿದೆ. ನಾನ್ ಚೆನ್ನಾಗಿದೀನಿ. ಅಮ್ಮನ್ಗೆ ಹೇಳ್ಬೇಡ."

ಅದು ಆರನೇ ಕಿವಿ. ಮೆಟ್ಟಿಲಿನಿಂದ ಬಿದ್ದವನು ಬಿದ್ದದ್ದೂ ಅದೇ ದಿಣ್ಣೆಯ ಹಿಂದೆ ಎಂದು ನಮಗೆ ತಿಳಿದದ್ದು ಆಮೇಲೆ. ಅವನ ಸಂಸ್ಥೆಯ ಪುಸ್ತಕದಲ್ಲಿ ಒಂದು ಸಾಲು ಇದ್ದಿದ್ದರೆ, ಅದನ್ನು ತಾವು ಉಳಿದವರಿಗೆ ಓದಿ ಹೇಳಿದ್ದರೆ, ನನ್ನ ಅಣ್ಣ ಆ ಕಡೆ ತಲೆ ಹಾಕುತ್ತಿರಲಿಲ್ಲ. ಸೊನ್ನೆ ಎಂಬುದು ಖಾಲಿ ಅಲ್ಲ, ಮಾನ್ಯರೇ. ಅದರ ಹಿಂದೆ ಗಾಳಿ ಇರುತ್ತದೆ.

ಏಳನೇ ಕಿವಿ ನನ್ನದು. ಅದನ್ನೂ ಹೇಳುತ್ತೇನೆ, ಏಕೆಂದರೆ ತಮ್ಮ ಗುಮಾಸ್ತರು ಆ ಪುಟದ ಮೇಲೆ ಕೆಂಪು ಗೀಟು ಹಾಕಿ 'ಗಾಯವಿಲ್ಲ, ಅನಗತ್ಯ ನಮೂದು' ಎಂದು ಬರೆದಿದ್ದಾರೆ.

ಮೇ ತಿಂಗಳು, ಭಾನುವಾರ. ಇಳಿಜಾರಿನ ತುಂಬ ಜನ. ಹರ್ಜೋತ್ ಎಂಬ ಹೆಂಗಸು, ಮೊಣಕಾಲಿನ ಕೆಳಗಿನವರೆಗೆ ಇಳಿದ ಕುರ್ತಾ ತೊಟ್ಟಿದ್ದರು. ಆಸನದ ಎದೆಯ ಪಟ್ಟಿ, ಎರಡು ಕಾಲಿನ ಪಟ್ಟಿಗಳನ್ನು ನಾನೇ ಕಟ್ಟಿದೆ, ಬಕಲ್ ಕಚ್ಚಿಕೊಂಡ ಸದ್ದು ಕೇಳಿದೆ. ಅಷ್ಟರಲ್ಲಿ ಗಾಳಿ ಸತ್ತಿತು. ಇಪ್ಪತ್ತು ನಿಮಿಷ ಕಾದೆವು. ಅವರು ಹುಲ್ಲಿನ ಮೇಲೆ ಕೂತರು. ತೊಡೆಗೆ ಒತ್ತುತ್ತಿದೆ ಎಂದು, ನಾನು ನೋಡದಿದ್ದಾಗ, ಎರಡೂ ಕಾಲಿನ ಬಕಲುಗಳನ್ನು ತಾವೇ ಬಿಚ್ಚಿಕೊಂಡರು. ಕಾಯಬೇಕಾಗಿ ಬಂದರೆ, ಹೊರಡುವ ಮುಂಚೆ ಬಕಲುಗಳನ್ನು ಕೈಯಿಂದ ಮತ್ತೆ ಮುಟ್ಟಿ ನೋಡಬೇಕು. ಇದು ನಮ್ಮ ಮನೆಯ ಕಟ್ಟಳೆ. ಕಣ್ಣಿಂದ ನೋಡಿದರೆ ಸಾಲದು. ಗಾಳಿ ಬಂತು, ವಿಪನ್ ಕೇಳಿದ, "ಕಟ್ಟಿದ್ಯಾ?"

"ಕಟ್ಟಿದೀನಿ, ಭಾಊ."

ಸುಳ್ಳಲ್ಲ. ಕಟ್ಟಿದ್ದೆ. ಆದರೆ ಮುಟ್ಟಲಿಲ್ಲ.

"ಓಡಿ, ಓಡಿ, ಓಡಿ," ಎಂದ ವಿಪನ್. ರೆಕ್ಕೆ ತಲೆಯ ಮೇಲೆ ಬಂತು. ಮೂರು ಹೆಜ್ಜೆ ಹೋದಾಗ ಕುರ್ತಾ ಗಾಳಿಗೆ ಎತ್ತಿತು, ಬಕಲಿನ ನಾಲಿಗೆ ಅದರಡಿ ಜೋತಾಡುವುದು ಕಂಡಿತು. ಕಾಲಿನ ಪಟ್ಟಿ ಇಲ್ಲದ ಆಸನ ಆಸನವಲ್ಲ. ನೆಲ ಬಿಟ್ಟ ಮೇಲೆ ಮೈ ಕೆಳಕ್ಕೆ ಜಾರುತ್ತದೆ, ಕಂಕುಳಲ್ಲಿ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ತಡೆಯುವುದಿಲ್ಲ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಓಡಿ ಹೋಗಿ ಅವರ ಕಾಲುಗಳ ಮೇಲೆ ಬಿದ್ದೆ. ಮೂವರೂ ಉರುಳಿದೆವು, ರೆಕ್ಕೆ ನಮ್ಮನ್ನು ಅಂಚಿನ ಕಡೆಗೆ ಎಳೆಯಿತು. ವಿಪನ್ ಎರಡೂ ಹಗ್ಗಗಳನ್ನು ಸೊಂಟದವರೆಗೆ ಜಗ್ಗಿ ರೆಕ್ಕೆಯನ್ನು ಹಿಂದಕ್ಕೆ ಕೆಡವಿದ. ನಿಂತಾಗ ಅಂಚಿಗೆ ಎರಡಾಳು ಉದ್ದ ಉಳಿದಿತ್ತು.

ಹರ್ಜೋತ್ ನಗುತ್ತಿದ್ದರು. ಇದೂ ಆಟದ ಭಾಗವೆಂದುಕೊಂಡಿದ್ದರು. "ಇನ್ನೊಂದ್ಸಲ ಓಡೋಣ್ವಾ?" ಎಂದರು. ನಾನು ಆದದ್ದನ್ನು ಹೇಳಿದೆ. ನಗು ನಿಂತಿತು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತರು, ಹಾರದೆ ಹೋದರು.

ವಿಪನ್ ನನ್ನನ್ನು ಜೀಪಿನ ಹಿಂದೆ ಕರೆದ. "ಬಕಲ್ ಬಿಚ್ಚಿದ್ದು ಯಾರೂ ನೋಡಿಲ್ಲ. ಇದನ್ ಬರೀಬೇಡ."

"ನಾನ್ ನೋಡಿದೀನಲ್ಲ."

"ನೀನೊಬ್ಳು ಹರಿಶ್ಚಂದ್ರನ ತುಂಡು. ಬರ್ದು ಏನ್ ಸಿಗತ್ತೆ?"

"ನಾಳೆಯಿಂದ ಹುಡುಗ್ರು, ಹೆಂಗಸ್ರು, ಯಾರೇ ಆಗ್ಲಿ, ಓಡೋ ಮುಂಚೆ ಬಕಲ್ ನೀನೂ ಮುಟ್ಬೇಕು, ನಾನೂ ಮುಟ್ಬೇಕು. ಅದು ಸಿಗತ್ತೆ."

ಅವನು ಬೈದುಕೊಂಡು ಹೋದ. ಆದರೆ ಮರುದಿನದಿಂದ ಮುಟ್ಟಿದ. ಈಗಲೂ ಮುಟ್ಟುತ್ತಾನೆ. ಅನಗತ್ಯ ನಮೂದು ಎಂದು ತಮ್ಮ ಕಚೇರಿ ಕರೆದದ್ದು ಇದನ್ನು.

ನೋಟಿಸಿನ ಎರಡನೇ ಅಂಶ, 'ದಾಖಲೆ ನಿರ್ವಹಿಸುವವರ ಶೈಕ್ಷಣಿಕ ಅರ್ಹತೆ ಪ್ರಶ್ನಾರ್ಹ.' ಸರಿ, ಪ್ರಶ್ನಿಸಿ. ನಾನು ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟವಳು. ಕೂತಲ್ಲಿ ಕೂರಲು ನನಗೆ ಬರುವುದಿಲ್ಲ. ಕಿಟಕಿಯಾಚೆ ರೆಕ್ಕೆಗಳು ಹೋಗುತ್ತಿದ್ದವು, ಒಳಗೆ ಮೇಷ್ಟ್ರು ಗಾಳಿಯ ಒತ್ತಡದ ವ್ಯಾಖ್ಯೆ ಬರೆಸುತ್ತಿದ್ದರು, ನಾನು ಎದ್ದು ಹೋದೆ. ಅದಕ್ಕೆ ಹೆಮ್ಮೆಯೇನೂ ಇಲ್ಲ. ಆದರೆ ಒಂದು ಅನುಮಾನ ಪರಿಹರಿಸಿ: ಮೂವತ್ತೊಂದು ಪುಸ್ತಕಗಳಲ್ಲಿ ಸೊನ್ನೆ ಬರೆಯಲು ಎಷ್ಟನೇ ತರಗತಿ ಪಾಸಾಗಿರಬೇಕು?

ಇನ್ನು ನಮ್ಮ ಭೇಟಿಯ ವಿಷಯ. ಆಗಸ್ಟ್ ಕೊನೆಯಲ್ಲಿ ಬಾಪು ಮತ್ತು ನಾನು ತಮ್ಮ ಕೋಣೆಗೆ ಬಂದೆವು. ತಾವು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಚಹಾ ತರಿಸಿದಿರಿ. ಕಿವಿಯ ಕಥೆ ಕೇಳಿ ಮನಸಾರೆ ನಕ್ಕಿರಿ. ತಮ್ಮ ಅಜ್ಜನೂ ಕುರಿ ಸಾಕಿದ್ದರೆಂದು ಹೇಳಿದಿರಿ. ಇನ್ನೇನು ಕೆಲಸವಾಯಿತು ಎಂದು ನಾನು ಅಂದುಕೊಂಡೆ. ಆಗ ಮೇಜಿನ ಖಾನೆ ಎಳೆದು ಹೊಸ ಪುಸ್ತಕವೊಂದನ್ನು ತೆಗೆದಿರಿ. ಖಾಲಿ ಪುಟಗಳು, ಪ್ರತಿ ಪುಟದ ಮೇಲೂ ಹೋದ ಸೆಪ್ಟೆಂಬರಿನಿಂದ ಹಿಡಿದು ಹಳೆಯ ತಾರೀಖಿನ ಮೊಹರು ಮೊದಲೇ ಬಿದ್ದಿತ್ತು.

"ನೋಡಮ್ಮಾ, ಹಳೇದು ಮಳೇಲಿ ನೆಂದು ಹಾಳಾಯ್ತು ಅಂದ್ಕೊಳ್ಳೋಣ. ಇದನ್ನ ತುಂಬಿ ತನ್ನಿ. ಹದಿನಾರಕ್ಕೆ ನೀವೂ ಹಾರ್ತೀರಿ."

"ಏನ್ ತುಂಬ್ಲಿ, ಸಾಬ್?"

"ಎಲ್ರೂ ಏನ್ ತುಂಬ್ತಾರೋ ಅದು."

ಬಾಪು ಆ ಪುಸ್ತಕವನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ, ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಳ್ಳುವಂತೆ. ನಾನು ತಡೆಯಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆ ಅದು ಅವನ ತೊಡೆಯ ಮೇಲಿತ್ತು. ಅವನು ಅದರ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ಹಿಂಡು ಮಾರಿದ ದಿನವೂ ಅವನು ಹೀಗೆಯೇ ಕೂತಿದ್ದ. ಈ ಪರವಾನಗಿ ಹೋದರೆ ಅವನಿಗೆ ಹಿಂತಿರುಗಲು ಹಿಂಡಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮನೆಯಲ್ಲಿ ವಿಪನ್ ಕುಣಿದಾಡಿದ. "ಇಷ್ಟೇನಾ? ಕೊಡು ಇಲ್ಲಿ, ಅರ್ಧ ಗಂಟೇಲಿ ತುಂಬ್ತೀನಿ."

"ನಿನ್ ಅಕ್ಷರ ಬೇರೆ," ಎಂದಳು ಅಮ್ಮ. "ಅವ್ಳೇ ಬರೀಬೇಕು." ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಬರ್ದ್ಬಿಡೇ. ಯಾರನ್ನ ಕೊಂದ ಹಾಗಾಗತ್ತೆ?" ಎಂದಳು. ಅಮ್ಮ ನನ್ನನ್ನು ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಎರಡು ದಿನ ಆ ಪುಸ್ತಕ ಉಪ್ಪಿನ ಡಬ್ಬಿಯ ಪಕ್ಕದಲ್ಲಿತ್ತು. ಮೂರನೇ ದಿನ ಕೂತು ಮೊದಲ ಪುಟ ತುಂಬಿದೆ. ಸೆಪ್ಟೆಂಬರ್, ಹಾರಾಟ ಇಷ್ಟು, ಘಟನೆ ಏನೂ ಇಲ್ಲ. ಅಕ್ಟೋಬರ್ ಪುಟಕ್ಕೆ ಬಂದೆ. ಹಿಂದೆ ಬಿಟ್ಟ ಸೆಪ್ಟೆಂಬರಿನ ಪುಟದಿಂದ ಚಹಾ ತೋಟದ ಹೆಂಗಸು ಶೂ ಹಿಡಿದುಕೊಂಡು ಕಣ್ಣ ಮುಂದೆ ನಡೆದು ಬರುತ್ತಿದ್ದಳು. 'ಏನೂ ಇಲ್ಲ' ಎಂಬುದರ 'ಏ' ಬರೆದೆ. ಅಷ್ಟರಲ್ಲಿ ಬಾಪು ಜೀಪನ್ನು ಗ್ಯಾರೇಜಿಗೆ ತೋರಿಸಿಕೊಂಡು ಒಳಗೆ ಬಂದ, ಚಾವಿ ಮೊಳೆಗೆ ಹಾಕಿದ. ಹಾರಾಟ ನಿಂತು ಏಳು ವಾರವಾಗಿತ್ತು. ಆದರೂ ಕೈ ಮೊಳೆಗೆ ಹೋದರೆ ಬಾಯಿಗೆ ಅದೇ ಮಾತು ಬರುತ್ತದೆ.

"ಇವತ್ತು ಕಿವಿ ಇದ್ಯಾ?" ಎಂದ.

ಕೇಳಿದ ಮೇಲೆ ಅವನಿಗೇ ಕೇಳಿಸಿತು. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ವಿಪನ್ ನನ್ನನ್ನು ನೋಡಿದ, ಬೇಡ ಎಂಬಂತೆ.

"ಇದೆ, ಬಾಪು. ಒಂದಿದೆ."

ಬಾಪು ಬಂದು ನನ್ನ ಎದುರು ಕೂತು, "ಹಾಗಾದ್ರೆ ಬರಿ. ನಾನು ತಗೊಂಡಿದ್ದನ್ನೂ ಬರಿ," ಎಂದ. ಅದಕ್ಕೆ ನಾನು ಬರೆದೆ, ಹಳೆಯ ಪುಸ್ತಕದಲ್ಲೇ:

'ಎಂಟನೇ ಕಿವಿ. ಸ್ಥಳ: ಪರವಾನಗಿ ಕಚೇರಿ, ಎರಡನೇ ಮಹಡಿ. ಗಾಳಿ: ಫ್ಯಾನಿನದು ಮಾತ್ರ. ಏನಾಯಿತು: ಅಧಿಕಾರಿಗಳು ಖಾಲಿ ಪುಸ್ತಕ ಕೊಟ್ಟರು. ಬಾಪು ತೆಗೆದುಕೊಂಡ, ನಾನು ತಡೆಯಲಿಲ್ಲ. ಒಂದು ಪುಟ ಸುಳ್ಳು ಬರೆದೆ, ಎರಡನೆಯದರಲ್ಲಿ ಒಂದಕ್ಷರ. ಗಾಯ: ಹೊರಗೆ ಕಾಣುವಂಥದ್ದಿಲ್ಲ. ಯಾರ ತಪ್ಪು: ಮೂವರದು. ಮುಂದೇನು: ಊರಿಗೆಲ್ಲ ತಿಳಿಸುವುದು.'

ಮೂವರಲ್ಲಿ ಇಬ್ಬರು ಸಹಿ ಹಾಕಿದ್ದೇವೆ. ಒಂದು ಜಾಗ ಖಾಲಿ ಇದೆ.

ನನ್ನ ಬೇಡಿಕೆ ಇದು. ಸೆಪ್ಟೆಂಬರ್ ಹದಿನಾರರ ಬೆಳಿಗ್ಗೆ, ಮೊದಲ ರೆಕ್ಕೆ ಬಿಚ್ಚುವ ಮುಂಚೆ, ಖರೋಟಿ ಧಾರಿಗೆ ಬನ್ನಿ. ಮೂವತ್ತೆರಡು ಪುಸ್ತಕಗಳನ್ನೂ ಹುಲ್ಲಿನ ಮೇಲೆ ಇಡಿಸಿ, ಗಾಳಿಗೆ ಹಾಳೆ ಹಾರದಂತೆ ಒಂದೊಂದರ ಮೇಲೆ ಕಲ್ಲಿಡಿಸಿ. ಎಲ್ಲರ ಎದುರು ಓದಿಸಿ. ಸೊನ್ನೆ ಬರೆದವರನ್ನು ಶಿಕ್ಷಿಸಿ ಎಂದು ನಾನು ಕೇಳುತ್ತಿಲ್ಲ. ಬರೆದರೆ ಏನಾಗುತ್ತದೆಂದು ಅವರು ನಮ್ಮನ್ನು ನೋಡಿ ಕಲಿತಿದ್ದಾರೆ. ಬರೆದವರ ಅನ್ನ ಹೋಗುವುದಿಲ್ಲ ಎಂದು ತಾವು ಒಂದು ಮಾತು ಕೊಡಿ. ಮೆಟ್ಟಿಲಿನಿಂದ ಬಿದ್ದವರೆಲ್ಲ ಆಗ ತಾವು ಬಿದ್ದ ಜಾಗ ತೋರಿಸುತ್ತಾರೆ.

ನಮ್ಮ ಪರವಾನಗಿಯ ವಿಷಯಕ್ಕೆ ಬಂದರೆ, ಏಳನೇ ಕಿವಿಗೆ ಶಿಕ್ಷೆ ಕೊಡುವುದಾದರೆ ಕೊಡಿ. ನಾನು ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಎಷ್ಟು ದಿನ ನೆಲದ ಮೇಲಿರು ಎಂದರೆ ಅಷ್ಟು ದಿನ ಇರುತ್ತೇನೆ. ಬರೆದದ್ದಕ್ಕೆ ಮಾತ್ರ ಕೊಡಬೇಡಿ. ಬರೆದದ್ದಕ್ಕೇ ಎಂದಾದರೆ ಈ ಪತ್ರವನ್ನೂ ಸೇರಿಸಿಕೊಳ್ಳಿ, ಒಂಬತ್ತಾಗುತ್ತದೆ.

ತಾವು ಕೊಟ್ಟ ಹೊಸ ಪುಸ್ತಕವನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಸುಳ್ಳು ಬರೆದ ಪುಟವನ್ನು ಹರಿದಿಲ್ಲ. ಅದರ ತಲೆಯ ಮೇಲೆ 'ಕಿವಿ' ಎಂದು ಬರೆದಿದ್ದೇನೆ. ಈ ಸಲವಾದರೂ ಕೆಳಗಿನದನ್ನು ಓದಿ.

ಇಂತಿ,
ಒಂಬತ್ತನೇ ತರಗತಿಯ ಅರ್ಧದಲ್ಲಿ ಎದ್ದು ಹೋದವಳು, ಈಗ ಎಲ್ಲಿಗೂ ಎದ್ದು ಹೋಗದೆ ಜೀಪಿನ ಬಳಿ ಚೀಲ ಕಾಯುತ್ತಿರುವವಳು,
ತ್ರಿಪ್ತಾ, ಮಚ್ಲು ರಾಮ್‌ನ ಮಗಳು, ಗುಲಾಬು ಗದ್ದಿಯ ಮೊಮ್ಮಗಳು